ಟ್ಯಾಂಕಿನ ಗೋಡೆ ನೋಡುವ ಶೀತಲ್

ಹುನ್ನೂರಿನ ಶೀತಲ್ ಏನು ಕೆಲಸ ಮಾಡುತ್ತಾಳೆಂದು ಯಾರಾದರೂ ಕೇಳಿದರೆ ಅವಳ ಅತ್ತೆ ಲಗಮವ್ವ, "ಸಮುದ್ರದ ದಂಡ್ಯಾಗ ಟಾಕಿ ನೋಡ್ಕೋತಾಳ್ರಿ" ಎಂದಷ್ಟೇ ಹೇಳಿ ಮಾತು ಮುಗಿಸುತ್ತಿದ್ದಳು. ಕೇಳಿದವರು ಊರಿಗೆ ನೀರು ಬಿಡುವ ಟಾಕಿ ಎಂದುಕೊಂಡು ಸುಮ್ಮನಾಗುತ್ತಿದ್ದರು. ಲಗಮವ್ವನಿಗೂ ಮೊದಮೊದಲು ಅಷ್ಟೇ ಗೊತ್ತಿತ್ತು.

ಆ ಟ್ಯಾಂಕುಗಳಲ್ಲಿದ್ದದ್ದು ನೀರಲ್ಲ. ಅಣು ಇಂಧನ ಉರಿದು ಮುಗಿದ ಮೇಲೆ ಅದನ್ನು ಕರಗಿಸಿ ಬೇಕಾದ್ದನ್ನು ತೆಗೆದುಕೊಳ್ಳುತ್ತಾರೆ. ಉಳಿಯುವ ದ್ರವ ಯಾರಿಗೂ ಬೇಡವಾದದ್ದು. ಅದರ ಹತ್ತಿರ ಮನುಷ್ಯ ನಿಲ್ಲುವಂತಿಲ್ಲ. ನೆಲದಡಿ ದಪ್ಪ ಕಾಂಕ್ರೀಟಿನ ಗುಂಡಿ ಕಟ್ಟಿ, ಅದರೊಳಗೆ ಉಕ್ಕಿನ ಟ್ಯಾಂಕು ಕೂರಿಸಿ, ಆ ದ್ರವವನ್ನು ತುಂಬಿಡುತ್ತಾರೆ. ಶೀತಲ್ ಕೆಲಸ ಮಾಡುವ ಕೇಂದ್ರದಲ್ಲಿ ಒಂದೊಂದು ಟ್ಯಾಂಕಿಗೂ ಎರಡೆರಡು ಗೋಡೆ. ಒಳಗೋಡೆಗೂ ಹೊರಗೋಡೆಗೂ ನಡುವೆ ಒಂದು ಇಕ್ಕಟ್ಟಾದ ಸಂದು. ಆ ಸಂದಿಯೊಳಗೆ ಅಯಸ್ಕಾಂತದ ಗಾಲಿಗಳಿರುವ ಪುಟ್ಟ ಯಂತ್ರವನ್ನು ಇಳಿಬಿಟ್ಟು, ದೂರದ ಕೋಣೆಯಲ್ಲಿ ಕುಳಿತು ಅದನ್ನು ಗೋಡೆಯುದ್ದಕ್ಕೂ ನಡೆಸಬೇಕು. ಯಂತ್ರ ಕಿವಿಗೆ ಕೇಳದ ಸದ್ದೊಂದನ್ನು ಉಕ್ಕಿನೊಳಗೆ ಕಳಿಸುತ್ತದೆ. ಸದ್ದು ಆಚೆ ಮೈಯನ್ನು ಮುಟ್ಟಿ ಮರಳಿ ಬರಲು ಹಿಡಿದ ಹೊತ್ತಿನಿಂದ ಗೋಡೆ ಎಷ್ಟು ದಪ್ಪ ಉಳಿದಿದೆ ಎಂಬುದು ತಿಳಿಯುತ್ತದೆ. ಉಕ್ಕನ್ನು ಒಳಗಿನಿಂದ ತುಕ್ಕು ತಿನ್ನುತ್ತಿದೆಯೇ, ಎಲ್ಲಿ ತಿನ್ನುತ್ತಿದೆ, ಎಷ್ಟು ಬೇಗ ತಿನ್ನುತ್ತಿದೆ, ಇದನ್ನು ನೋಡುತ್ತಿರುವುದೇ ಶೀತಲಳ ಕೆಲಸ.

ಈ ಕತೆಯನ್ನು ನನಗೆ ಹೇಳಿದವರು ಅತ್ತೆ ಸೊಸೆ ಇಬ್ಬರೂ, ಬೇರೆ ಬೇರೆಯಾಗಿ. ಇಬ್ಬರ ಮಾತೂ ಎಲ್ಲ ಕಡೆ ಕೂಡುವುದಿಲ್ಲ. ಕೂಡದ ಕಡೆ ಹಾಗೆಂದು ಹೇಳಿಬಿಡುತ್ತೇನೆ.

ಶೀತಲಳ ತವರೂರು ರನ್ನ ಬೆಳಗಲಿ. ತಂದೆ ಮುದಕಪ್ಪನಿಗೆ ಮುಧೋಳದ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ ಇತ್ತು. ಕಬ್ಬಿನ ಟ್ರೇಲರುಗಳ ಮುರಿದ ಅಚ್ಚು, ಸೀಳಿದ ತಳ, ಎಲ್ಲ ಅಲ್ಲಿಗೆ ಬರುತ್ತಿದ್ದವು. ತಾಯಿ ಬೇಗ ತೀರಿಕೊಂಡಿದ್ದರಿಂದ ದಿನವೂ ಶಾಲೆ ಬಿಟ್ಟ ಮೇಲೆ ಹುಡುಗಿ ಅಂಗಡಿಯಲ್ಲೇ ಇರುತ್ತಿದ್ದಳು. ಬೆಸುಗೆ ಹಾಕಿದ ಜಾಗವನ್ನು ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ಒಳಗೆ ಪೊಳ್ಳಿದೆಯೋ ಇಲ್ಲವೋ ಎಂದು ತಂದೆ ಹೇಳುವುದನ್ನು ನೋಡುತ್ತ ಬೆಳೆದಳು. ಡಿಪ್ಲೊಮಾ ಮುಗಿಸಿ, ಪುಣೆಯಲ್ಲಿ ಲೋಹ ಪರೀಕ್ಷೆಯ ತರಬೇತಿ ಪಡೆದು, ಪಶ್ಚಿಮ ಕರಾವಳಿಯ ಆ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದಳು. ಹುನ್ನೂರಿನ ದುಂಡೇಶನೊಂದಿಗೆ ಮದುವೆಯಾದ ಮೇಲೂ ಕೆಲಸ ಬಿಡಲಿಲ್ಲ. ದುಂಡೇಶ ತುಬಚಿಯ ಏತ ನೀರಾವರಿಯಲ್ಲಿ ಪಂಪ್ ಆಪರೇಟರ್. ಅವನು ಇಲ್ಲಿ, ಅವಳು ಅಲ್ಲಿ. ರಜೆಗೆ ಮಿರಜದವರೆಗೆ ರೈಲಿನಲ್ಲಿ ಬಂದಿಳಿದರೆ ಅವನು ಬೈಕು ತಂದು ಕಾಯುತ್ತಿದ್ದ.

ಮೂರು ವರ್ಷದ ಹಿಂದೆ ಏಳನೇ ಟ್ಯಾಂಕಿನ ಗೋಡೆಯಲ್ಲಿ ಅವಳಿಗೆ ಒಂದು ಸಂಗತಿ ಕಾಣಿಸಿತು. ದ್ರವದಲ್ಲಿ ಮುಳುಗಿದ್ದ ಭಾಗ ಚೆನ್ನಾಗಿತ್ತು. ಮೇಲಿನ ಖಾಲಿ ಭಾಗವೂ ಪರವಾಗಿಲ್ಲ. ಆದರೆ ದ್ರವದ ಮೇಲ್ಮೈ ವರ್ಷಗಟ್ಟಲೆ ನಿಂತಿದ್ದ ಎತ್ತರದಲ್ಲಿ, ಟ್ಯಾಂಕಿನ ಸುತ್ತ ಒಂದು ಪಟ್ಟಿಯಂತೆ, ಉಕ್ಕು ತೆಳ್ಳಗಾಗುತ್ತಿತ್ತು. ಪಡುವಣ ಬದಿಯ ಒಂದು ಜಾಗದಲ್ಲಂತೂ ಪ್ರತಿ ಸಲ ಯಂತ್ರ ಬಿಟ್ಟಾಗಲೂ ಮೊದಲಿಗಿಂತ ಕಡಿಮೆ ತೋರಿಸುತ್ತಿತ್ತು.

ಅವಳ ಮೇಲಿನ ಅಧಿಕಾರಿ ಮಾಯಾ ಬೆಳಗಾವಿಯವರು. ಪರದೆಯನ್ನು ಬಹಳ ಹೊತ್ತು ನೋಡಿ, "ಒಮ್ಮೆ ಕಡಿಮಿ ಬಂದಿದ್ರ ಯಂತ್ರದ ತಪ್ಪ ಅಂತಿದ್ದೆ. ಇದು ಗೋಡಿನ ತಿನ್ನಾಕತ್ತೈತಿ ಶೀತಲ್" ಎಂದರು. ಅವರು ಅಂದೇ ಬರೆದು ಕಳಿಸಿದರು: ಈ ಟ್ಯಾಂಕನ್ನು ಖಾಲಿ ಮಾಡಬೇಕು. ಮೇಲಿನವರು ಒಪ್ಪಿದರು ಕೂಡ. ಆದರೆ ಅಂಥ ದ್ರವವನ್ನು ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಸಾಗಿಸುವುದು ಬಾವಿಯಿಂದ ನೀರೆತ್ತಿದಂತಲ್ಲ. ಪೈಪುಗಳನ್ನು ಪರೀಕ್ಷಿಸಬೇಕು, ಪಂಪು ಬದಲಿಸಬೇಕು, ಪ್ರತಿ ಹೆಜ್ಜೆಗೂ ಒಪ್ಪಿಗೆ ಬೇಕು. ತಿಂಗಳುಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಗೋಡೆಯನ್ನು ನೋಡುತ್ತಿರಬೇಕು.

ಆ ದಿನಗಳಲ್ಲೇ ಶೀತಲಳಿಗೆ ತಾನು ಬಸುರಿ ಎಂದು ಗೊತ್ತಾಯಿತು. ಮದುವೆಯಾಗಿ ಬಹಳ ವರ್ಷಗಳ ಮೇಲೆ ನಿಂತ ಬಸಿರು. ಅಲ್ಲಿನ ನಿಯಮ ಸ್ಪಷ್ಟ: ಬಸುರಿಯಾದವಳು ತಿಳಿಸಬೇಕು, ತಿಳಿಸಿದ ಕ್ಷಣದಿಂದ ಟ್ಯಾಂಕುಗಳ ಕಡೆ ಕಾಲಿಡುವಂತಿಲ್ಲ. ಅವಳು ಮರುದಿನವೇ ಮಾಯಾ ಮೇಡಂಗೆ ಹೇಳಿದಳು. ಎದೆಯ ಮೇಲೆ ಹಚ್ಚಿಕೊಂಡಿರುತ್ತಿದ್ದ, ಮೈಗೆ ತಾಗಿದ ವಿಕಿರಣವನ್ನು ಅಳೆಯುವ ಬಿಲ್ಲೆಯನ್ನು ಪರೀಕ್ಷಿಸಿದರು. ಮಿತಿಗಿಂತ ಬಹಳ ಕೆಳಗಿತ್ತು. "ಏನೂ ಆಗಿಲ್ಲ, ಧೈರ್ಯದಿಂದ ಇರು" ಎಂದರು ಅಲ್ಲಿನ ವೈದ್ಯರು. ಕೆಲಸವನ್ನು ಬನಹಟ್ಟಿಯ ನೇಕಾರರ ಮನೆಯ ಹುಡುಗ, ಅವಳ ಜೊತೆಗಾರ ಅಮಿತನಿಗೆ ಒಪ್ಪಿಸಿದಳು.

"ಅಕ್ಕಾ, ನೀ ಆರಾಮ ಹೋಗು. ನಾ ಅದರ ಮ್ಯಾಲಿನ ಕಣ್ಣ ತಗಿಯಂಗಿಲ್ಲ" ಎಂದ ಅಮಿತ.

ಅವಳು ದೀರ್ಘ ರಜೆ ಹಾಕಿ ಹುನ್ನೂರಿಗೆ ಬಂದಾಗ ಸಕ್ಕರೆ ಕಾರ್ಖಾನೆಗಳು ಶುರುವಾಗಿ, ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳಿದ್ದವು. ತವರಲ್ಲಿ ಬಾಣಂತನ ಮಾಡಲು ತಾಯಿ ಇರಲಿಲ್ಲವಾದ್ದರಿಂದ ಅತ್ತೆಯ ಮನೆಯಲ್ಲೇ ಉಳಿಯುವುದೆಂದಾಯಿತು. ಮಾವ ಅಮಸಿದ್ದಪ್ಪ ಈಗಲೂ ಕುರಿ ಕಾಯುವವನು. ಹಣೆಗೆ ಬೀರೇಶ್ವರ ದೇವರ ಭಂಡಾರದ ಅರಿಶಿನ ಹಚ್ಚಿಕೊಳ್ಳದೆ ಕುರಿಗಳ ದಡ್ಡಿಯ ಬಾಗಿಲು ತೆಗೆಯುತ್ತಿರಲಿಲ್ಲ. ಸೊಸೆಯ ಹಣೆಗೂ ಭಂಡಾರ ಹಚ್ಚಿ ಒಳಗೆ ಕರೆದುಕೊಂಡ.

ಬಂದ ಕೆಲವು ದಿನಕ್ಕೆ ಲಗಮವ್ವ ಟಿವಿಯಲ್ಲಿ ಏನನ್ನೋ ನೋಡಿದಳು. ಯಾವುದೋ ದೇಶದ ಸ್ಥಾವರ, ಬಿಳಿ ಬಟ್ಟೆಯವರು, ಕೈಕಾಲು ಸೊಟ್ಟಗಿದ್ದ ಮಕ್ಕಳು. ಸಂಜೆ ಸೊಸೆಯ ಹತ್ತಿರ ಬಂದು ಕುಳಿತಳು.

"ಯವ್ವಾ, ಖರೆ ಹೇಳು. ನೀ ನೋಡೂ ಟಾಕ್ಯಾಗ ಇರೋದು ಅದ ಏನು?"

ಶೀತಲ್ ಮುಚ್ಚಿಡಲಿಲ್ಲ. "ಹೌದ್ರಿ ಅತ್ತಿ. ಆದ್ರ ನಾ ಅದರ ಹತ್ರ ಹೋಗಿಲ್ಲ. ನಡುವ ಗೋಡಿ ಇರತಾವ. ಮೈಗೆ ಎಷ್ಟು ತಾಗೈತಿ ಅಂತ ಬಿಲ್ಲಿ ಹೇಳತೈತಿ. ಏನೂ ಇಲ್ಲ."

"ಆ ಬಿಲ್ಲಿಗೆ ನಿನ್ನ ಮೈ ಗೊತ್ತು. ಹೊಟ್ಟ್ಯಾಗಿಂದು ಗೊತ್ತೈತೇನ?"

ಶೀತಲಳಿಗೆ ಉತ್ತರ ಗೊತ್ತಿತ್ತು. ಅದಕ್ಕೂ ಲೆಕ್ಕವಿದೆ, ಅದಕ್ಕೂ ಮಿತಿಯಿದೆ. ಆದರೂ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಅತ್ತೆ ಅದನ್ನು ನೋಡಿದಳು.

ಕುರಿಗಳು ಈಯುವ ಕಾಲ ಅದು. ಒಂದು ಮಧ್ಯಾಹ್ನ ಅಮಸಿದ್ದಪ್ಪ ಬೀಳಗಿ ಕಡೆ ಹೋಗಿದ್ದಾಗ ದಡ್ಡಿಯಲ್ಲಿ ಒಂದು ಕುರಿ ನರಳತೊಡಗಿತು. ಮನೆಯಲ್ಲಿ ಯಾರೂ ಇರಲಿಲ್ಲ. ಶೀತಲ್ ಹೋಗಿ ಕುಳಿತು, ಬರಿಗೈಯಲ್ಲಿ ಮರಿಯನ್ನು ಎಳೆದಳು. ದಿನ ತುಂಬದ ಮರಿ, ಸತ್ತಿತ್ತು. ಮಾಸು ಬೀಳದೆ ಕುರಿ ಒದ್ದಾಡಿತು. ಅವಳು ಅದನ್ನೂ ಕೈಯಿಂದಲೇ ತೆಗೆದಳು. ಬೂದಿ ಹಾಕಿ ಕೈ ತೊಳೆದುಕೊಂಡು ಬಂದಳು.

ಆ ವಾರ ಇನ್ನೊಂದು ಕುರಿಯೂ ದಿನ ತುಂಬುವ ಮೊದಲೇ ಸತ್ತ ಮರಿ ಈದು ಕಂದು ಹಾಕಿತು. ಆಮೇಲೆ ಮತ್ತೆರಡು. ಅಮಸಿದ್ದಪ್ಪ ಪ್ರತಿ ಸಲವೂ ಸತ್ತ ಮರಿಯನ್ನು ಕಂಬಳಿಯ ತುದಿಯಲ್ಲಿ ಸುತ್ತಿ ಹಳ್ಳದ ಕಡೆ ಒಯ್ಯುತ್ತಿದ್ದ. ಹೋಗುವಾಗ ಸೊಸೆಯ ಮುಖ ನೋಡುತ್ತಿರಲಿಲ್ಲ. ದಡ್ಡಿಯ ಹೊರಗೆ ನಾಯಿಗಳು ಗುಂಪುಗೂಡಲು ಶುರು ಮಾಡಿದವು.

ಅದೇ ದಡ್ಡಿಯಲ್ಲಿ ಜಕ್ಕಪ್ಪ ಎಂಬುವನ ಕುರಿಗಳೂ ಇರುತ್ತಿದ್ದವು. ಅಮಸಿದ್ದಪ್ಪನ ಹಳೆಯ ಜೊತೆಗಾರ. ಒಂದು ಮುಂಜಾನೆ ಅವನು ಅಂಗಳದಲ್ಲಿ ನಿಂತು, ಒಳಗಿದ್ದವರಿಗೂ ಕೇಳುವ ಹಾಗೆ ಅಂದ:

"ಅಮಸಿದ್ದಣ್ಣ, ಸಿಟ್ಟಾಗಬ್ಯಾಡ. ನಿನ್ನ ಸೊಸಿ ಬರೂ ಮೊದಲ ಒಂದರ ಕುರಿ ಹಿಂಗ ಕಂದ ಹಾಕಿತ್ತೇನು?"

ಅಮಸಿದ್ದಪ್ಪ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ.

"ಆಕಿ ವಿಷದ ಟಾಕಿ ಕಾಯ್ದು ಬಂದಾಳ. ಆಕಿ ಮೈಗೆ ಹತ್ತಿದ್ದು ಕುರಿಗೆ ಹತ್ತೇತಿ. ನಾ ನನ್ನ ಕುರಿ ಹೊಡ್ಕೊಂಡು ಹೊಕ್ಕೇನಿ."

ಅವನು ಅಂದೇ ತನ್ನ ಹಿಂಡನ್ನು ಹೊಡೆದುಕೊಂಡು ತುಬಚಿಯ ಕಾಲುವೆಯ ಕಡೆ ಹೊರಟುಹೋದ. ದಾರಿಯಲ್ಲಿ ಸಿಕ್ಕವರಿಗೆಲ್ಲ ಕಾರಣ ಹೇಳುತ್ತ ಹೋದ. ನೀರಿಗೆ ಬರುತ್ತಿದ್ದ ನೆರೆಮನೆಯ ಹೆಂಗಸರು ಬೇರೆ ನಲ್ಲಿಗೆ ಹೋಗತೊಡಗಿದರು.

ಮನೆಯೊಳಗೂ ಬದಲಾಯಿತು. ಸೊಸೆಯ ತಾಟನ್ನು ಲಗಮವ್ವ ಬೇರೆ ತೊಳೆದು ಬೇರೆ ಇಡುತ್ತಿದ್ದಳು. ಅದನ್ನು ನೋಡಿಯೂ ನೋಡದಂತೆ ಉಂಡೇಳುತ್ತಿದ್ದೆ ಎನ್ನುತ್ತಾಳೆ ಶೀತಲ್. ಲಗಮವ್ವ ಮಾತ್ರ, "ಹಂಗ ನಾ ಯಾವತ್ತೂ ಮಾಡಿಲ್ಲ, ಆಕಿಗೆ ಹಂಗ ಅನಿಸಿರಬೇಕು" ಎನ್ನುತ್ತಾಳೆ.

ಇದರ ನಡುವೆ ಅಮಿತನ ಫೋನು ಬರುತ್ತಿತ್ತು. ಅಂಕಿ ಸಂಖ್ಯೆ ಹೇಳುವಂತಿಲ್ಲ, ಅವಳೂ ಕೇಳುತ್ತಿರಲಿಲ್ಲ.

"ಗೋಡಿ ಹೆಂಗೈತಿ?" ಎನ್ನುತ್ತಿದ್ದಳು.

"ಇಳಿಯಾಕತ್ತೈತಿ ಅಕ್ಕಾ."

"ಪಂಪು?"

"ಇನ್ನೂ ಬಂದಿಲ್ಲ. ಮೇಡಂ ದಿನಾ ಜಗಳಾಡಾಕತ್ತಾರ."

ಫೋನಿಟ್ಟ ಮೇಲೆ ಅವಳು ಕಣ್ಣು ಮುಚ್ಚಿದರೆ ಆ ಪಡುವಣ ಬದಿಯ ಗೋಡೆಯೇ ಕಾಣುತ್ತಿತ್ತು. ಅದು ಸೀಳಿದರೂ ಹೊರಗೋಡೆ ಹಿಡಿಯುತ್ತದೆ, ಕಾಂಕ್ರೀಟು ಹಿಡಿಯುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಆಮೇಲೆ ಅದೇ ದನಿಯಲ್ಲಿ, ಬಿಲ್ಲೆಯಲ್ಲಿ ಏನೂ ಇರಲಿಲ್ಲ, ಬಿಲ್ಲೆಯಲ್ಲಿ ಏನೂ ಇರಲಿಲ್ಲ ಎಂದೂ ಹೇಳಿಕೊಳ್ಳುತ್ತಿದ್ದಳು. ಆ ಮಾತು ಎಷ್ಟು ಸಲ ಹೇಳಿದರೂ ಗಟ್ಟಿಯಾಗಲಿಲ್ಲ.

ಏಳು ತಿಂಗಳು ತುಂಬುವ ಹೊತ್ತಿಗೆ ಅವಳಿಗೆ ಜ್ವರ ಶುರುವಾಯಿತು. ಸಂಜೆ ಏರುವುದು, ಬೆಳಿಗ್ಗೆ ಸೀರೆ ತೊಯ್ಯುವಂತೆ ಬೆವರಿ ಇಳಿಯುವುದು. ಸೊಂಟ, ಮೊಣಕಾಲು, ಬೆನ್ನು, ಎಲ್ಲ ನೋವು. ಜಮಖಂಡಿಯ ಡಾಕ್ಟರು ಟೈಫಾಯಿಡ್ ಇರಬಹುದೆಂದು ಗುಳಿಗೆ ಕೊಟ್ಟರು. ನಾಲ್ಕು ದಿನ ಆರಾಮಾಗಿ ಮತ್ತೆ ಬಂತು. ಒಂದು ದಿನ ಹೊಟ್ಟೆಯಲ್ಲಿ ಕೂಸಿನ ಮಿಸುಕಾಟ ಕಡಿಮೆಯಾದಂತೆ ಅನಿಸಿ, ಅವಳು ಗೋಡೆಗೊರಗಿ ಕುಳಿತು ಮಧ್ಯಾಹ್ನದವರೆಗೆ ಕಾದಳು. ದುಂಡೇಶ ಪಾಳಿಯಿಂದ ಬಂದಾಗ, "ಮಿರಜಿಗೆ ಹೋಗೂಣ್ರಿ" ಎಂದಷ್ಟೇ ಹೇಳಿದಳು.

ಗಾಡಿ ಹತ್ತುವಾಗ ಲಗಮವ್ವ ಬಾಗಿಲಲ್ಲಿ ಕುಸಿದು ಕುಳಿತು ಎದೆ ಬಡಿದುಕೊಂಡಳು. "ಆ ಟಾಕಿ ನನ್ನ ಮೊಮ್ಮಗನ್ನ ತಿಂತಲ್ಲೋ ದುಂಡ್ಯಾ!" ಈ ಮಾತನ್ನು ಅವಳೂ ಅಲ್ಲಗಳೆಯುವುದಿಲ್ಲ.

ಮಿರಜದ ಆಸ್ಪತ್ರೆಯ ಡಾಕ್ಟರು ವಯಸ್ಸಾದ ಹೆಂಗಸು. ಅವರು ಕೇಳುವ ಮೊದಲೇ ಶೀತಲ್ ಹೇಳಲು ಶುರು ಮಾಡಿದಳು: ತಾನು ಎಲ್ಲಿ ಕೆಲಸ ಮಾಡುತ್ತಿದ್ದೆ, ಟ್ಯಾಂಕಿನಲ್ಲಿ ಏನಿತ್ತು, ಎಷ್ಟು ದೂರದಲ್ಲಿದ್ದೆ, ಬಿಲ್ಲೆಯಲ್ಲಿ ಏನು ಬಂದಿತ್ತು. ಹೇಳುತ್ತ ಹೇಳುತ್ತ ಅತ್ತುಬಿಟ್ಟಳು. ತಾನು ಅಷ್ಟು ದಿನ ಅತ್ತೆಯ ಮಾತನ್ನೇ ನಂಬಿದ್ದೆ ಎಂಬುದು ಅವಳಿಗೆ ಆಗಲೇ ಗೊತ್ತಾದದ್ದು.

ಡಾಕ್ಟರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ದುಂಡೇಶನ ಕಡೆ ತಿರುಗಿ ಮರಾಠಿ ಬೆರೆತ ಕನ್ನಡದಲ್ಲಿ, "ಮನ್ಯಾಗ ದನ, ಕುರಿ ಅದಾವೇನು?" ಎಂದರು.

"ಕುರಿ ಅದಾವ್ರಿ."

"ಈ ವರ್ಷ ಯಾವುವರೆ ಕಂದ ಹಾಕ್ಯಾವೇನು?"

ದುಂಡೇಶ ಹೆಂಡತಿಯ ಮುಖ ನೋಡಿದ. ಶೀತಲ್ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು.

ರಕ್ತ ಪರೀಕ್ಷೆ ಅದನ್ನೇ ಹೇಳಿತು. ಕುರಿಗಳಿಗೆ ಬರುವ ಕಂದು ರೋಗ. ಬ್ರುಸೆಲ್ಲಾ ಎಂದು ಅದರ ಹೆಸರು. ಕಂದು ಹಾಕಿದ ಕುರಿಯ ಮಾಸು, ನೀರು, ರಕ್ತ ಮುಟ್ಟಿದ ಕೈಯಿಂದ ಮನುಷ್ಯರಿಗೂ ಹತ್ತುತ್ತದೆ. ಬಸುರಿಗೆ ಹತ್ತಿದರೆ ಕೂಸಿಗೇ ಅಪಾಯ. ಎಲ್ಲರೂ ಸಮುದ್ರದ ಕಡೆ ನೋಡುತ್ತ ಹೆದರುತ್ತಿದ್ದಾಗ ರೋಗ ಹಿತ್ತಿಲಲ್ಲೇ ಇತ್ತು.

ಟ್ಯಾಂಕು ಕಾರಣವಲ್ಲ ಎಂದು ತಿಳಿದಾಗ ನಿರಾಳವಾಗಬೇಕಿತ್ತು, ಆಗಲಿಲ್ಲ ಎಂದು ಶೀತಲ್ ಹೇಳುತ್ತಾಳೆ. ಹೆದರಿಕೆ ಒಂದು ಜಾಗ ಬಿಟ್ಟು ಇನ್ನೊಂದು ಜಾಗಕ್ಕೆ ಹೋಯಿತು, ಅಷ್ಟೇ. ಅವಳನ್ನು ಆಸ್ಪತ್ರೆಯಲ್ಲಿಟ್ಟುಕೊಂಡು ಔಷಧಿ ಶುರು ಮಾಡಿದರು. ದುಂಡೇಶ ಊರಿಗೆ ಫೋನು ಮಾಡಿ, ದಡ್ಡಿಯೊಳಗೆ ಯಾರೂ ಬರಿಗೈಯಲ್ಲಿ ಹೋಗಬೇಡಿ, ಹಸಿ ಹಾಲು ಕುಡಿಯಬೇಡಿ ಎಂದ. ಅಮಸಿದ್ದಪ್ಪನಿಗೆ ಮೊದಲು ಅರ್ಥವೇ ಆಗಲಿಲ್ಲ.

"ನಮ್ಮ ಕುರಿಯಿಂದ ಬಂತಂದಿ?"

"ಹೌದಪಾ."

"ನಮ್ಮ ಕುರಿಯಿಂದ?" ಎಂದು ಮತ್ತೆ ಕೇಳಿ, ಫೋನನ್ನು ಲಗಮವ್ವನ ಕೈಗೆ ಕೊಟ್ಟುಬಿಟ್ಟ.

ಪಶು ವೈದ್ಯರು ಬಂದು ಹಿಂಡಿನ ರಕ್ತ ತೆಗೆದರು. ಅರ್ಧಕ್ಕೂ ಹೆಚ್ಚು ಕುರಿಗಳಲ್ಲಿ ರೋಗವಿತ್ತು. ಅವನ್ನು ಮಾರುವಂತಿಲ್ಲ, ಬೇರೆ ಹಿಂಡಿಗೆ ಸೇರಿಸುವಂತಿಲ್ಲ. ಅಮಸಿದ್ದಪ್ಪನ ರಕ್ತವನ್ನೂ ನೋಡಿದರು. ವರ್ಷಗಳಿಂದ ಅವನು ವಯಸ್ಸಿನದು ಎಂದುಕೊಂಡಿದ್ದ ಸೊಂಟನೋವು ಅದೇ ರೋಗದ್ದಾಗಿತ್ತು. ಹಿಂಡಿನಲ್ಲಿ ಅದು ಯಾವಾಗಿನಿಂದ ಇತ್ತೋ ಯಾರಿಗೂ ಗೊತ್ತಿಲ್ಲ. ಈ ವರ್ಷ ಒಮ್ಮೆಲೇ ಹೊರಬಿದ್ದಿತ್ತು.

ಜಕ್ಕಪ್ಪನನ್ನು ಹುಡುಕಿಕೊಂಡು ದುಂಡೇಶ ಕಾಲುವೆಯ ಗುಂಟ ಹೋದ. ತುಬಚಿಯ ಆಚೆ ಒಂದು ಹೊಲದಲ್ಲಿ ಸಿಕ್ಕ. ಹಿಂಡು ಸಣ್ಣದಾಗಿತ್ತು.

"ಉಳಿದ ಕುರಿ ಎಲ್ಲಿ ಕಾಕಾ?"

"ಮುಧೋಳ ಸಂತ್ಯಾಗ ಕೊಟ್ಟೆ. ಯಾಕಲೇ?"

"ಯಾರಿಗೆ ಕೊಟ್ಟಿ?"

"ಸಂತ್ಯಾಗ ಕೊಟ್ಟವರ ಹೆಸರ ಕೇಳತಾರೇನ?"

ದುಂಡೇಶ ವಿಷಯ ಹೇಳಿದ. ಜಕ್ಕಪ್ಪ ಬಹಳ ಹೊತ್ತು ನಂಬಲಿಲ್ಲ. ನಂಬಿದ ಮೇಲೆ ಬದುವಿನ ಮೇಲೆ ಕುಳಿತು ತನ್ನ ಮೊಣಕಾಲು ಒತ್ತಿಕೊಳ್ಳತೊಡಗಿದ. ಅವನಿಗೂ ಹದಿನೈದು ದಿನದಿಂದ ಸಂಜೆ ಜ್ವರ ಬರುತ್ತಿತ್ತು. ಮಾರಿದ ಕುರಿಗಳು ಯಾವ ಊರಿನ ಯಾವ ದಡ್ಡಿಗೆ ಹೋದವು ಎಂಬುದು ಕೊನೆಗೂ ಪತ್ತೆಯಾಗಲಿಲ್ಲ.

ಶೀತಲಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣು ಕೂಸು. ಅತ್ತ ದನಿ ಬೆಕ್ಕಿನ ಮರಿಯದಕ್ಕಿಂತ ಸಣ್ಣದಿತ್ತು. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಲಗಮವ್ವ ಮಿರಜಿಗೆ ಬಂದು, ಗಾಜಿನ ಆಚೆ ನಿಂತು ಕೂಸಿನ ಕೈ ಕಾಲು, ಬೆರಳು ಒಂದೊಂದನ್ನೇ ನೋಡಿದಳು. ನೋಡಿ ಮುಗಿಸಿ ಸೊಸೆಯ ಹಾಸಿಗೆಯ ಹತ್ತಿರ ಬಂದಳು. ಡಬ್ಬಿಯಲ್ಲಿ ತಂದಿದ್ದ ಜೋಳದ ನುಚ್ಚನ್ನು ಕಲಸಿ ತಾನೇ ತುತ್ತು ಮಾಡಿ ಬಾಯಿಗಿಟ್ಟಳು.

ಅಲ್ಲೇ ಇದ್ದಾಗ ಅಮಿತನ ಫೋನು ಬಂತು. "ಅಕ್ಕಾ, ಖಾಲಿ ಆತು" ಎಂದ. ಅವನ ದನಿಯಲ್ಲಿ ಖುಷಿ ಇರಲಿಲ್ಲ. ಖಾಲಿಯಾದ ಏಳನೇ ಟ್ಯಾಂಕಿನೊಳಗೆ ಕ್ಯಾಮೆರಾ ಇಳಿಸಿದ್ದರು. ಪಡುವಣ ಬದಿಯಲ್ಲಿ, ದ್ರವ ನಿಂತಿದ್ದ ಗೆರೆಯಲ್ಲಿ, ಉಕ್ಕು ಕೊರೆದುಹೋಗಿ ಡಬ್ಬಿಯ ತಗಡಿನಷ್ಟು ಉಳಿದಿತ್ತು. ಯಂತ್ರ ತೋರಿಸಿದ್ದಕ್ಕಿಂತ ಹೆಚ್ಚು ತಿಂದಿತ್ತು. ತುಕ್ಕು ಕೊರೆದ ಅಷ್ಟು ಸಣ್ಣ ಕುಳಿಯ ತಳದಿಂದ ಸದ್ದು ಯಂತ್ರಕ್ಕೆ ಸರಿಯಾಗಿ ಮರಳಿ ಬಂದಿರಲಿಲ್ಲ.

"ಒಳಗಿಂದೆಲ್ಲಾ ಎಲ್ಲಿ ಹೋತು?"

"ಎಂಟನೇದಕ್ಕ."

ಎಂಟನೇ ಟ್ಯಾಂಕು ಏಳನೆಯದರ ಪಕ್ಕದ್ದು. ಅದೇ ವರ್ಷ, ಅದೇ ಉಕ್ಕಿನಲ್ಲಿ, ಅದೇ ಜನ ಕಟ್ಟಿದ್ದು. ಇಷ್ಟು ವರ್ಷ ಖಾಲಿ ಇದ್ದದ್ದೊಂದೇ ವ್ಯತ್ಯಾಸ. ಬೇರೆ ಜಾಗವಿರಲಿಲ್ಲ.

ಕೂಸು ಬದುಕಿತು. ಪೂನಮ್ ಎಂದು ಹೆಸರಿಟ್ಟರು. ಶೀತಲ್ ಗುಣವಾದಳು. ಆದರೆ ಕೂಸಿಗೆ ಸ್ವಲ್ಪ ಮೈ ಬೆಚ್ಚಗಾದರೂ ಲಗಮವ್ವ ಸೊಸೆಯ ಕಡೆ ನೋಡುತ್ತಾಳೆ, ಸೊಸೆ ಬೇರೆ ಕಡೆ ನೋಡುತ್ತಾಳೆ. ಡಾಕ್ಟರು ಹೇಳಿದ್ದನ್ನು ಇಬ್ಬರೂ ಒಪ್ಪಿದ್ದಾರೆ. ಆದರೂ ಆ ನೋಟ ನಿಂತಿಲ್ಲ.

ಕೂಸು ನಡೆಯಲು ಕಲಿತ ಮೇಲೆ ಶೀತಲ್ ಮತ್ತೆ ಕೆಲಸಕ್ಕೆ ಹೊರಟಳು. ಹೋಗಬೇಡ ಎಂದು ದುಂಡೇಶ ಒಂದು ಸಲ ಅಂದ.

"ಯಾರರೆ ನೋಡಬೇಕಲ್ರೀ. ನೋಡಲಿಲ್ಲಂದ್ರ ಅದು ನಿಲ್ಲತೈತೇನು?" ಎಂದಳು.

ಎಲ್ಲರೂ ಆಶ್ಚರ್ಯಪಡುವಂತೆ ಲಗಮವ್ವ ತನ್ನ ಗಂಟು ಕಟ್ಟಿಕೊಂಡು, "ಕೂಸಿನ ನಾ ಹಿಡೀತೇನಿ, ನೀ ನಿನ್ನ ಟಾಕಿ ನೋಡು" ಎಂದು ಜೊತೆಗೆ ಹೊರಟಳು. ಹುಟ್ಟಿದಾಗಿನಿಂದ ಕೃಷ್ಣೆಯ ಹೊಳೆಗಿಂತ ದೊಡ್ಡ ನೀರು ಕಂಡವಳಲ್ಲ. ಈಗ ಆ ಸಿಬ್ಬಂದಿ ಕಾಲೊನಿಯಲ್ಲಿ ಮೊಮ್ಮಗಳನ್ನು ಎತ್ತಿಕೊಂಡು ಸಂಜೆ ಅಡ್ಡಾಡುತ್ತಾಳೆ. ಸಮುದ್ರದ ಗಾಳಿಗೆ ಕಿಟಕಿಯ ಕಬ್ಬಿಣದ ಸರಳು ವರ್ಷದೊಳಗೆ ಹೇಗೆ ಉದುರುತ್ತದೆ ಎಂಬುದನ್ನು ನೋಡಿ, "ಇಲ್ಲಿ ಯಾಕ ಇಟ್ಟಾರ ಆ ಟಾಕಿಗೋಳ್ನ?" ಎಂದು ಸೊಸೆಯನ್ನು ಕೇಳಿದ್ದಾಳೆ.

ಹೋದ ತಿಂಗಳು ಎಂಟನೇ ಟ್ಯಾಂಕಿನ ಸಂದಿಗೆ ಯಂತ್ರ ಇಳಿಸಿದರು. ದ್ರವದ ಗೆರೆಯಲ್ಲಿ ಉಕ್ಕು ಚೂರು ತೆಳ್ಳಗೆ ಕಾಣಿಸಿದೆ. ಬಹಳ ಅಲ್ಲ. ಮಾಯಾ ಮೇಡಂ ಹೊಸ ಟ್ಯಾಂಕುಗಳಿಗಾಗಿ ಮತ್ತೆ ಬರೆದಿದ್ದಾರೆ.

ಅದೇ ವಾರ ಹುನ್ನೂರಿನಿಂದ ಅಮಸಿದ್ದಪ್ಪ ಫೋನು ಮಾಡಿದ. ರೋಗವಿಲ್ಲ ಎಂದು ವೈದ್ಯರು ಬೇರ್ಪಡಿಸಿದ್ದ ಕುರಿಗಳಲ್ಲಿ ಒಂದು ಆ ಮುಂಜಾನೆ ಕಂದು ಹಾಕಿತ್ತು.

"ಮುಟ್ಟೀರೇನ್ರಿ ಮಾವ?" ಎಂದು ಕೇಳಿದಳು ಶೀತಲ್.

"ಇಲ್ಲವ್ವ. ದೂರ ನಿಂತೇನಿ. ಅಲ್ಲೇ ಬಿದ್ದೈತಿ."

"ನಾಯಿ ಬರದಂಗ ನೋಡ್ಕೋರಿ. ಡಾಕ್ಟರ್‌ಗೆ ಫೋನ್ ಹಚ್ಚರಿ. ಅವರು ಬರೂಮಟ ಅಲ್ಲೇ ನಿಂದ್ರಿ."

"ನಿಂತೇನಿ" ಎಂದ ಅಮಸಿದ್ದಪ್ಪ. ಫೋನಿನಲ್ಲಿ ಕುರಿಯ ಕೂಗು ಕೇಳುತ್ತಿತ್ತು. ಶೀತಲ್ ಬಸ್ಸಿಗೆ ಹೊತ್ತಾಯಿತೆಂದು ಕೂಸನ್ನು ಅತ್ತೆಯ ಕೈಗೆ ಕೊಟ್ಟು, ಬಿಲ್ಲೆಯನ್ನು ಎದೆಗೆ ಹಚ್ಚಿಕೊಂಡು ಪಾಳಿಗೆ ಹೊರಟಳು.